ನೆರೆಯವರ ಆರಾಧನೆಯೂ ನಮ್ಮ ತಕ್ಕಡಿಯೂ

ಕಳೆದ ವರ್ಷ ಒಂದು ಆದಿತ್ಯವಾರ ಬೆಳಿಗ್ಗೆ ನಾನು, ನನ್ನ ಪತ್ನಿ ಮತ್ತು ಮಗಳು ಮಂಗಳೂರಿನ ಒಂದು ಸಿ.ಎಸ್.ಐ. ಚರ್ಚಿನಲ್ಲಿ ಸುಮಾರು ಎರಡು ತಾಸು ಕುಳಿತಿದ್ದೆವು. ನಮ್ಮ ನೆರೆಮನೆಯ ನಿವೃತ್ತ ಮಾಸ್ಟ್ರು ಮತ್ತು ಟೀಚರಮ್ಮನ ವಿವಾಹಕ್ಕೆ 50 ವರ್ಷ ತುಂಬಿತ್ತು. ಅವರು ಹಾಲ್ ಹಿಡಿದು ಸಮಾರಂಭ ಮಾಡಲಿಲ್ಲ. ಆದಿತ್ಯವಾರದ ಆರಾಧನೆಯಲ್ಲೇ ದೇವರಿಗೆ ಕೃತಜ್ಞತೆ ಸಲ್ಲಿಸಿ, ಬಳಿಕ ಬಂದವರಿಗೆಲ್ಲ ಚಹಾ ಕೊಡುವುದೆಂದು ನಿಶ್ಚಯಿಸಿದ್ದರು. "ಆರಾಧನೆಗೆ ಬರಲು ನಿಮಗೆ ಅಡ್ಡಿಯಿದ್ದರೆ ಚಹಾದ ಹೊತ್ತಿಗೆ ಬನ್ನಿ, ನಮಗೇನೂ ಬೇಸರವಿಲ್ಲ. ಮೊದಲೇ ಬಂದರೆ ಸಂತೋಷ" ಎಂದು ಟೀಚರಮ್ಮ ನಮ್ಮ ಜಗಲಿಯಲ್ಲಿ ನಿಂತು ಹೇಳಿ ಹೋಗಿದ್ದರು.

ಚರ್ಚಿನೊಳಗೆ ಹೋಗುವ ವಿಷಯದಲ್ಲಿ ನಮ್ಮ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕೆಲವರು ಅದನ್ನು ಅನಪೇಕ್ಷಿತವೆಂದಿದ್ದಾರೆ. ಆರಾಧನೆಯಲ್ಲಿ ಪಾಲ್ಗೊಳ್ಳದೆ, ನೆರೆಹೊರೆಯ ಹಕ್ಕಿನ ನೆಲೆಯಲ್ಲಿ ಹೋಗಿ ಕುಳಿತುಕೊಳ್ಳುವುದಕ್ಕೆ ಅಡ್ಡಿಯಿಲ್ಲವೆಂದು ಬೇರೆ ಕೆಲವರು ಹೇಳಿದ್ದಾರೆ. ನಾನು ಪರಿಚಿತ ವಿದ್ವಾಂಸರೊಬ್ಬರಲ್ಲಿ ಕೇಳಿಕೊಂಡು ಎರಡನೆಯ ಅಭಿಪ್ರಾಯದಂತೆ ನಡೆದೆ. ಆದರೆ ಈ ಲೇಖನ ಆ ಮಸ್‌ಅಲಾದ ಕುರಿತಲ್ಲ. ಅಂದು ರಾತ್ರಿ ಊಟದ ಹೊತ್ತಿಗೆ ಮಗಳು ಕೇಳಿದ ಎರಡು ಪ್ರಶ್ನೆಗಳ ಕುರಿತು.

ಮೊದಲ ಪ್ರಶ್ನೆ: "ಅಬ್ಬಾ, ಅವರು ಮೂರು ದೇವರನ್ನು ನಂಬುತ್ತಾರೆ ಎಂದು ನೀವು ಹೇಳಿದ್ದಿರಿ. ಆದರೆ ಇವತ್ತು ಎಲ್ಲರೂ ಎದ್ದು ನಿಂತು ಒಬ್ಬನೇ ದೇವರನ್ನು ನಂಬುತ್ತೇವೆ ಅಂದರಲ್ಲ?"

ಎರಡನೆಯ ಪ್ರಶ್ನೆ: "ಪಕ್ಕದ ಅಜ್ಜಿ ನನ್ನ ಕೈ ಹಿಡಿದು ಸಮಾಧಾನ ಹೇಳಿದರು. ಏನು ಹೇಳಬೇಕೆಂದು ತಿಳಿಯದೆ ನಾನು ಸುಮ್ಮನಿದ್ದೆ. ತಪ್ಪಾಯಿತಾ?"

ಎರಡಕ್ಕೂ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ಬಹುಶಃ ನಮ್ಮಲ್ಲಿ ಹೆಚ್ಚಿನವರಲ್ಲೂ ಇರಲಾರದು.

ನಾವು ಕಂಡದ್ದು

ಮಂಗಳೂರಿನಲ್ಲಿ ಕ್ರೈಸ್ತರೆಂದರೆ ನಮ್ಮ ಕಣ್ಣಿಗೆ ಮೊದಲು ಬರುವವರು ರೋಮನ್ ಕೆಥೊಲಿಕರು. ನಮ್ಮ ನೆರೆಯವರು ಪ್ರೊಟೆಸ್ಟಂಟರು. 1517ರಲ್ಲಿ ಜರ್ಮನಿಯ ವಿಟ್ಟೆನ್‌ಬರ್ಗ್‌ನಲ್ಲಿ ಮಾರ್ಟಿನ್ ಲೂಥರ್, ಪಾಪದ ಶಿಕ್ಷೆಯಿಂದ ವಿನಾಯಿತಿ ನೀಡುವ ಪತ್ರಗಳನ್ನು ಹಣಕ್ಕೆ ಮಾರುವುದನ್ನು ಪ್ರತಿಭಟಿಸಿದ್ದರಿಂದ ಆರಂಭವಾದ ಸುಧಾರಣೆಯ ಶಾಖೆ ಇದು. ಸ್ವಿಜರ್ಲೆಂಡಿನ ಬಾಸೆಲ್ ನಗರದ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಮತ್ತು 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟನ್ನು ಪ್ರಕಟಿಸಿದ ಫರ್ಡಿನೆಂಡ್ ಕಿಟೆಲ್ ಇದೇ ಮಿಶನ್ನಿನವರು. ನಮ್ಮ ಹಳೆಯ ಮನೆಗಳ ಮಾಡಿನ ಮೇಲಿರುವ ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯನ್ನು 1865ರಲ್ಲಿ ತೆರೆದವರೂ ಅವರೇ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮತ್ತಿತರ ಪ್ರೊಟೆಸ್ಟಂಟ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ರೂಪುಗೊಂಡಿತು. ನಮ್ಮ ಜಿಲ್ಲೆಯ ಬಾಸೆಲ್ ಮಿಶನ್ ಸಭೆಗಳು ಆ ಬಳಿಕ ಅದರೊಳಗೆ ಸೇರಿಕೊಂಡವು. ಅಂದು ಪರಸ್ಪರರ ಮೇಜಿನಲ್ಲಿ ಊಟ ಮಾಡದಿದ್ದ ಪಂಗಡಗಳು ಒಂದೇ ಸಭೆಯಾದವು ಎಂಬುದು, ಮಸೀದಿಗೊಂದು ಗುಂಪಾಗಿ ಹೋಗಿರುವ ನಾವು ಗಮನಿಸಬೇಕಾದ ವಿಷಯ.

ಬಾಗಿಲಲ್ಲಿ ಒಬ್ಬ ಹಿರಿಯರು ಕೈ ಜೋಡಿಸಿ ನಮ್ಮನ್ನು ಒಳಗೆ ಕರೆದು, ಹಿಂದಿನ ಸಾಲಿನ ಬೆಂಚೊಂದರಲ್ಲಿ ಕುಳ್ಳಿರಿಸಿದರು. ಒಳಗೆ ವಿಗ್ರಹಗಳಿರಲಿಲ್ಲ. ಎದುರಿನ ಗೋಡೆಯಲ್ಲಿ ಒಂದು ಬರಿಯ ಮರದ ಶಿಲುಬೆ, ಅದರ ಕೆಳಗೆ ಬಿಳಿ ಬಟ್ಟೆ ಹಾಸಿದ ಮೇಜು, ಪಕ್ಕದಲ್ಲಿ ಪ್ರಸಂಗ ಪೀಠ. ಹಿರಿಯ ಹೆಂಗಸರು ಸೆರಗನ್ನು ತಲೆಗೆ ಹೊದ್ದಿದ್ದರು. ಹಿಂದೆಲ್ಲ ಗಂಡಸರೂ ಹೆಂಗಸರೂ ಬೇರೆ ಬೇರೆ ಬದಿಯಲ್ಲಿ ಕುಳಿತುಕೊಳ್ಳುತ್ತಿದ್ದರೆಂದು ಟೀಚರಮ್ಮ ಬಳಿಕ ಹೇಳಿದರು.

ಮೊದಲು ಕನ್ನಡದಲ್ಲಿ ಒಂದು ಸ್ತುತಿಗೀತೆ. ಅದರ ರಾಗ ಜರ್ಮನಿಯದೆಂದು ಮಾಸ್ಟ್ರು ಹೇಳಿದರು. ಬಳಿಕ ಎಲ್ಲರೂ ತಲೆ ತಗ್ಗಿಸಿ ತಮ್ಮ ಪಾಪಗಳನ್ನು ದೇವರ ಮುಂದೆ ಅರಿಕೆ ಮಾಡಿಕೊಂಡರು. ಯಾರ ಕಿವಿಯಲ್ಲೂ ಹೇಳಿದ್ದಲ್ಲ, ಎಲ್ಲರೂ ಸೇರಿ ಒಂದೇ ಧ್ವನಿಯಲ್ಲಿ ಹೇಳಿದ್ದು. ಆಮೇಲೆ ಹಳೆ ಒಡಂಬಡಿಕೆಯಿಂದ, ಅಪೊಸ್ತಲರ ಪತ್ರಗಳಿಂದ, ಸುವಾರ್ತೆಯಿಂದ ಹೀಗೆ ಮೂರು ಪಾಠಗಳನ್ನು ಓದಿದರು. ಓದಿದವರಲ್ಲಿ ಒಬ್ಬಳು ಕಾಲೇಜು ಹುಡುಗಿ, ಒಬ್ಬರು ಬ್ಯಾಂಕ್ ನೌಕರರು. ಗ್ರಂಥ ಪ್ರತಿಯೊಬ್ಬ ವಿಶ್ವಾಸಿಯ ಕೈಯಲ್ಲಿ, ಅವನದೇ ಭಾಷೆಯಲ್ಲಿ ಇರಬೇಕೆಂಬುದು ಪ್ರೊಟೆಸ್ಟಂಟರ ಮೊದಲ ಹಟ. ಲೂಥರ್ ಹೊಸ ಒಡಂಬಡಿಕೆಯನ್ನು 1522ರಲ್ಲೇ ಜರ್ಮನ್ ಭಾಷೆಗೆ ತಂದದ್ದು ಇದೇ ಕಾರಣಕ್ಕೆ.

ಸಭಾಪಾಲಕರ ಪ್ರಸಂಗ ಕೃತಜ್ಞತೆಯ ಕುರಿತಾಗಿತ್ತು. ಬಳಿಕದ ಪ್ರಾರ್ಥನೆಯಲ್ಲಿ ಊರಿನ ರೋಗಿಗಳನ್ನು, ಕೆಲಸವಿಲ್ಲದವರನ್ನು, ಆಳುವವರನ್ನು, ಕೊನೆಗೆ ಅಂದಿನ ಅತಿಥಿಗಳನ್ನೂ ನೆನೆದರು. ಆಮೇಲೆ ಅವರು 'ಸಮಾಧಾನ' ಎಂದು ಕರೆಯುವ ವಿಧಿ. ಮೇಜಿನ ಬಳಿಯಿಂದ ಆರಂಭವಾಗಿ, ಒಬ್ಬರು ಜೋಡಿಸಿದ ತಮ್ಮ ಕೈಗಳನ್ನು ಇನ್ನೊಬ್ಬರ ಅಂಗೈಗಳ ನಡುವೆ ಇಟ್ಟು ದೇವರ ಸಮಾಧಾನ ಕೋರುತ್ತಾ ಹೋಗುತ್ತಾರೆ. ನಮ್ಮಲ್ಲಿ ಎರಡೂ ಕೈ ಕೊಟ್ಟು ಮುಸಾಫಹಾ ಮಾಡುವುದನ್ನು ನೋಡಿದವರಿಗೆ ಇದು ಅಪರಿಚಿತವೆನಿಸದು. ಕೇರಳದ ಪುರಾತನ ಸಿರಿಯನ್ ಕ್ರೈಸ್ತರ ಈ ಪದ್ಧತಿಯನ್ನು ಸಿ.ಎಸ್.ಐ. ತನ್ನ 1950ರ ಆರಾಧನಾ ಕ್ರಮದಲ್ಲಿ ಸೇರಿಸಿಕೊಂಡಿತು. ನನ್ನ ಮಗಳು ಉತ್ತರ ತಿಳಿಯದೆ ಸುಮ್ಮನಾದದ್ದು ಇಲ್ಲಿ.

ಕೊನೆಯಲ್ಲಿ ಕರ್ತನ ಭೋಜನ. ದೀಕ್ಷಾಸ್ನಾನ ಹೊಂದಿದವರು ಸಾಲಾಗಿ ಹೋಗಿ ರೊಟ್ಟಿಯ ತುಣುಕನ್ನೂ ಪಾತ್ರೆಯಿಂದ ದ್ರಾಕ್ಷಾರಸವನ್ನೂ ಸ್ವೀಕರಿಸಿದರು. ನಾವು ಮುಜುಗರದಿಂದ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, ಬಾಗಿಲಲ್ಲಿ ಸ್ವಾಗತಿಸಿದ ಅದೇ ಹಿರಿಯರು ಬಳಿಗೆ ಬಂದು, "ನೀವು ಕೂತುಕೊಳ್ಳಿ, ಇದು ನಮ್ಮವರಿಗೆ ಮಾತ್ರ" ಎಂದು ಮೆಲ್ಲಗೆ ಹೇಳಿದರು. ಆ ಮಾತಿನಲ್ಲಿ ತಿರಸ್ಕಾರವಿರಲಿಲ್ಲ. ನಮ್ಮ ಮೇಲೆ ಅವರಿಗಿದ್ದ ಗೌರವವೂ ತಮ್ಮ ವಿಶ್ವಾಸದ ಮೇಲಿದ್ದ ಗೌರವವೂ ಒಂದೇ ವಾಕ್ಯದಲ್ಲಿತ್ತು. ಎಲ್ಲರನ್ನೂ ಒಳಗೆ ಕರೆಯುವವರು ಕೂಡ ತಮ್ಮ ವಿಶ್ವಾಸದ ಗೆರೆಯನ್ನು ಅಳಿಸಿಹಾಕಬೇಕಾಗಿಲ್ಲ ಎಂಬುದನ್ನು ನಾನು ಅಲ್ಲಿ ಕಂಡೆ.

ಅವರು ನಂಬುವುದೇನು?

ಮಗಳ ಮೊದಲ ಪ್ರಶ್ನೆಯನ್ನು ನಾನು ಟೀಚರಮ್ಮನ ಬಳಿಗೇ ಒಯ್ದೆ. ಅವರು ನಕ್ಕರು. "ಮೂರು ದೇವರಾ? ಇಲ್ಲ ಮಾರಾಯ್ರೇ, ದೇವರು ಒಬ್ಬನೇ. ಚಿಕ್ಕಂದಿನಿಂದ ನಮಗೆ ಕಲಿಸಿದ್ದು ಅದೇ" ಎಂದರು. ಬಳಿಕ ವಿವರಿಸಿದರು. ದೇವರು ಒಬ್ಬನೇ. ಆ ಒಬ್ಬ ದೇವರೇ ತಂದೆಯಾಗಿ, ಮಗನಾಗಿ, ಪವಿತ್ರಾತ್ಮನಾಗಿ ಇದ್ದಾನೆ. ಮಗನಾದ ಯೇಸು ಮನುಷ್ಯನಾಗಿ ಹುಟ್ಟಿ, ಮನುಷ್ಯರ ಪಾಪಕ್ಕಾಗಿ ಶಿಲುಬೆಯಲ್ಲಿ ಸತ್ತು, ಮೂರನೆಯ ದಿನ ಎದ್ದು ಬಂದನು. ಮನುಷ್ಯ ತನ್ನ ಪುಣ್ಯದ ಬಲದಿಂದ ಮೋಕ್ಷ ಗಳಿಸಲಾರ. ಅದು ದೇವರ ಕೃಪೆ, ಅದನ್ನು ವಿಶ್ವಾಸದಿಂದ ಸ್ವೀಕರಿಸಬೇಕಷ್ಟೆ. ಸಂತರಲ್ಲಿ ಪ್ರಾರ್ಥಿಸುವ ಕ್ರಮ ತಮ್ಮ ಸಭೆಯಲ್ಲಿಲ್ಲ. ಮರಿಯಮ್ಮನನ್ನು ಗೌರವಿಸುತ್ತಾರೆ, ಆದರೆ ಅವರಲ್ಲಿ ಬೇಡುವುದಿಲ್ಲ. ಯೇಸು ತಾನೇ ವಿಧಿಸಿದ್ದೆಂದು ಅವರು ಮುಖ್ಯವಾಗಿ ಮನ್ನಿಸುವ ಸಂಸ್ಕಾರಗಳು ಎರಡು: ದೀಕ್ಷಾಸ್ನಾನ ಮತ್ತು ಕರ್ತನ ಭೋಜನ.

"ಕೃಪೆಯಿಂದಲೇ ಎಲ್ಲವೂ ಆಗುವುದಾದರೆ ಒಳ್ಳೆಯ ಕೆಲಸ ಯಾಕೆ ಮಾಡಬೇಕು ಟೀಚರ್?" ಎಂದು ಕೇಳಿದೆ.

"ಸಂಬಳಕ್ಕೆ ಕೆಲಸ ಮಾಡುವುದು ಒಂದು. ಉಪಕಾರ ಪಡೆದವರು ಮಾಡುವುದು ಇನ್ನೊಂದು. ನಾವು ಮಾಡುವುದು ಎರಡನೆಯದು" ಎಂದರು ಅವರು.

ಈ ಉತ್ತರವನ್ನು ನಾನು ಒಪ್ಪಬೇಕಾಗಿಲ್ಲ. ಆದರೆ 'ಕ್ರೈಸ್ತರಿಗೆ ಏನು ಮಾಡಿದರೂ ಕ್ಷಮೆ ಉಂಟು, ಆದ್ದರಿಂದ ಅವರಿಗೆ ಹೇಗೂ ಬದುಕಬಹುದು' ಎಂದು ನಾನು ಎಷ್ಟೋ ಸಲ ಹೇಳಿದ್ದೆನಲ್ಲ, ಅದು ಅವರ ವಿಶ್ವಾಸವಲ್ಲ ಎಂಬುದು ನನಗೆ ಅಂದು ಖಚಿತವಾಯಿತು.

ನಾವು ಬೇರೆಯಾಗುವುದೆಲ್ಲಿ?

ಇಷ್ಟು ಹೇಳಿದ ಮಾತ್ರಕ್ಕೆ 'ಎಲ್ಲವೂ ಒಂದೇ' ಎಂದು ಯಾರೂ ಭಾವಿಸಬಾರದು. ಹಾಗೆ ಹೇಳುವುದು ನಮಗೂ ಅವರಿಗೂ ಮಾಡುವ ಅನ್ಯಾಯ. ಅಲ್ಲಾಹನ ಏಕತ್ವದಲ್ಲಿ ಯಾವ ಪಾಲೂ ಇಲ್ಲ, ಅವನು ಜನ್ಮ ನೀಡಿದವನೂ ಅಲ್ಲ, ಜನಿಸಿದವನೂ ಅಲ್ಲ ಎಂಬುದು ನಮ್ಮ ವಿಶ್ವಾಸದ ಬುಡ. ಪ್ರವಾದಿ ಈಸಾ(ಅ) ತಂದೆಯಿಲ್ಲದೆ, ಪರಿಶುದ್ಧರಾದ ಮರ್ಯಮ್(ಅ)ರಲ್ಲಿ ಅಲ್ಲಾಹನ ಆಜ್ಞೆಯಿಂದ ಜನಿಸಿದವರು, ಮಸೀಹರು, ಅಲ್ಲಾಹನ ದಾಸರು ಮತ್ತು ಸಂದೇಶವಾಹಕರು. ಅವರನ್ನು ಶಿಲುಬೆಗೇರಿಸಿ ಕೊಲ್ಲಲಾಗಲಿಲ್ಲವೆಂದು ಕುರ್‌ಆನ್ ಸ್ಪಷ್ಟಪಡಿಸುತ್ತದೆ (4:157). ಒಬ್ಬನ ಭಾರವನ್ನು ಇನ್ನೊಬ್ಬ ಹೊರಲಾರ (6:164). ದಾಸನು ಪಶ್ಚಾತ್ತಾಪದಿಂದ ಮರಳಿದರೆ ಕ್ಷಮಿಸಲು ಅಲ್ಲಾಹನಿಗೆ ಯಾರ ಬಲಿಯೂ ಬೇಕಾಗಿಲ್ಲ. ತಂದೆ, ಮಗ, ಪವಿತ್ರಾತ್ಮ ಎಂಬ ಮಾತು, 'ಒಬ್ಬನೇ' ಎಂದು ಎಷ್ಟೇ ಒತ್ತಿ ಹೇಳಿದರೂ, ನಮ್ಮ ತೌಹೀದ್‌ನೊಂದಿಗೆ ಹೊಂದುವುದಿಲ್ಲ. ಇದನ್ನು ನಾನು ಟೀಚರಮ್ಮನ ಮುಂದೆಯೂ ಹೇಳಿದೆ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ, ಚಹಾ ತಣ್ಣಗಾಗುತ್ತದೆ ಎಂದರು.

ಹಾಗಾದರೆ ನನ್ನ ತಪ್ಪೇನು? ಕ್ರೈಸ್ತರ ವಿಶ್ವಾಸವನ್ನು ಒಪ್ಪದಿರುವುದು ತಪ್ಪಲ್ಲ. ಅದನ್ನು ಅವರಲ್ಲೇ ಕೇಳಿ ತಿಳಿಯದೆ, ಖಂಡಿಸಲು ಸುಲಭವಾಗುವಂತೆ ನಾನೇ ಒಂದು ರೂಪ ಕೊಟ್ಟು ಮಕ್ಕಳಿಗೆ ಕಲಿಸಿದ್ದು ತಪ್ಪು.

ಅಳತೆಯಲ್ಲಿ ಮೋಸ

ನನ್ನ ತಂದೆ ಜಿನಸಿ ಅಂಗಡಿ ಇಟ್ಟಿದ್ದವರು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ತಕ್ಕಡಿಯ ತಟ್ಟೆಗಳನ್ನು ಬಟ್ಟೆಯಿಂದ ಒರೆಸುತ್ತಿದ್ದರು. ತಟ್ಟೆಯ ತಳಕ್ಕೆ ಅಂಟಿದ ಬೆಲ್ಲದ ತುಣುಕು ಕೂಡ ಗಿರಾಕಿಯ ಹಕ್ಕನ್ನು ಕದಿಯುತ್ತದೆ ಎನ್ನುತ್ತಿದ್ದರು. ಅಲ್ ಮುತಫ್ಫಿಫೀನ್ ಅಧ್ಯಾಯ ಅಳತೆಯಲ್ಲಿ ಮೋಸ ಮಾಡುವವರಿಗೆ ವಿನಾಶವನ್ನು ಘೋಷಿಸುತ್ತದೆ. ಅವರು ಜನರಿಂದ ಪಡೆಯುವಾಗ ಪೂರ್ತಿ ಅಳೆದು ಪಡೆಯುತ್ತಾರೆ, ಕೊಡುವಾಗ ಮಾತ್ರ ಕಡಿಮೆ ಮಾಡುತ್ತಾರೆ.

ನಾವು ಈ ಎಚ್ಚರಿಕೆಯನ್ನು ಅಕ್ಕಿ, ಬೇಳೆಗೆ ಮಾತ್ರ ಅನ್ವಯಿಸಿದ್ದೇವೆ. ಮಾತಿನ ತಕ್ಕಡಿಯ ವಿಷಯವೇನು? ನಾವು ಕಅಬಾ ಎಂಬ ಕಲ್ಲಿನ ಕಟ್ಟಡವನ್ನು ಪೂಜಿಸುತ್ತೇವೆಂದು ಯಾರಾದರೂ ಹೇಳಿದರೆ ನಮಗೆ ನೋವಾಗುತ್ತದೆ. 'ಮುಸ್ಲಿಮನಲ್ಲೇ ಕೇಳಿ ನೋಡಿ' ಎನ್ನುತ್ತೇವೆ. ಕೆಲವರ ದುಷ್ಕೃತ್ಯವನ್ನು ತೋರಿಸಿ ಇಸ್ಲಾಮನ್ನು ಅಳೆದರೆ, ಅದರ ಬೋಧನೆಯಿಂದ ಅಳೆಯಿರಿ ಎನ್ನುತ್ತೇವೆ. ಇದು ನ್ಯಾಯವಾದ ಬೇಡಿಕೆಯೇ. ಆದರೆ ಇತರರ ಧರ್ಮವನ್ನು ಅಳೆಯುವಾಗ ನಾವು ಅವರಲ್ಲೇ ಕೇಳುತ್ತೇವೆಯೇ? ಅವರ ಬೋಧನೆಯನ್ನು ನೋಡುತ್ತೇವೆಯೇ, ಅಥವಾ ಅವರಲ್ಲಿನ ಕೆಟ್ಟವರನ್ನು ಹುಡುಕುತ್ತೇವೆಯೇ? ಒಂದು ಜನಾಂಗದ ಮೇಲಿನ ದ್ವೇಷ ಕೂಡ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂದು ಕುರ್‌ಆನ್ ಆಜ್ಞಾಪಿಸಿದೆ (5:8). ದ್ವೇಷವಿರುವಲ್ಲೇ ಹೀಗಾದರೆ, ನಮ್ಮನ್ನು ಕರೆದು ಕುಳ್ಳಿರಿಸಿದವರ ವಿಷಯದಲ್ಲಿ ಹೇಗಿರಬೇಕು? ಗ್ರಂಥದವರೆಲ್ಲರೂ ಒಂದೇ ತೆರನಲ್ಲ ಎಂದು ಅಲ್ಲಾಹನೇ ಹೇಳಿರುವಾಗ (3:113) ಎಲ್ಲರನ್ನೂ ಒಂದೇ ಮಾತಿನಲ್ಲಿ ತೂಗಿಬಿಡಲು ನಾವು ಯಾರು?

ಆಶ್ರಯದ ನಡುವೆ ಸತ್ಯ

ಸ್ವಾಗತ ಮತ್ತು ಸತ್ಯ ಇವೆರಡನ್ನೂ ಒಟ್ಟಿಗೆ ಹಿಡಿಯುವುದು ಹೇಗೆಂಬುದಕ್ಕೆ ನಮ್ಮ ಚರಿತ್ರೆಯಲ್ಲೇ ಮಾದರಿಯಿದೆ. ಕ್ರಿ.ಶ. 615ರ ಸುಮಾರಿಗೆ ಮಕ್ಕಾದ ಹಿಂಸೆ ತಾಳಲಾರದೆ ಮುಸ್ಲಿಮರ ಒಂದು ಗುಂಪು ಅಬಿಸೀನಿಯಕ್ಕೆ ಹೋಯಿತು. ಅಲ್ಲಿನ ಕ್ರೈಸ್ತ ದೊರೆ ನಜ್ಜಾಶಿ ಆಶ್ರಯ ಕೊಟ್ಟರು. ಕುರೈಶರ ದೂತರು ಅವರನ್ನು ಮರಳಿ ಒಯ್ಯಲು ಬಂದಾಗ ಜಅ್‌ಫರ್ ಬಿನ್ ಅಬೀತಾಲಿಬ್(ರ) ದೊರೆಯ ಮುಂದೆ ಮರ್ಯಮ್ ಅಧ್ಯಾಯವನ್ನು ಓದಿದರು. ದೊರೆ ಕಣ್ಣೀರು ಹಾಕಿದರು. ಈ ಭಾಗವನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಅದರ ಮರುದಿನದ ಘಟನೆಯನ್ನು ಹೇಳುವುದು ಕಡಿಮೆ.

ಮರುದಿನ ಕುರೈಶರ ದೂತರು ಮತ್ತೆ ಹೋಗಿ, ಇವರು ಈಸಾರ ಕುರಿತು ಘೋರವಾದುದನ್ನು ಹೇಳುತ್ತಾರೆಂದು ಚಾಡಿ ಹೇಳಿದರು. ಮುಸ್ಲಿಮರು ಆತಂಕಗೊಂಡರು. ಅವರ ಬದುಕು ಆ ದೊರೆಯ ಒಂದು ಮಾತಿನ ಮೇಲೆ ನಿಂತಿತ್ತು. ಆದರೂ, ಏನೇ ಬರಲಿ, ಅಲ್ಲಾಹನು ತಿಳಿಸಿದ್ದನ್ನೇ ಹೇಳುವುದೆಂದು ನಿಶ್ಚಯಿಸಿದರು. ಈಸಾ(ಅ) ಅಲ್ಲಾಹನ ದಾಸರು, ಅವನ ಸಂದೇಶವಾಹಕರು, ಕನ್ಯೆ ಮರ್ಯಮರಿಗೆ ಅವನು ನೀಡಿದ ವಚನ ಮತ್ತು ಆತ್ಮ ಎಂದು ಜಅ್‌ಫರ್(ರ) ನೇರವಾಗಿ ಹೇಳಿದರು. ದೊರೆ ಆಶ್ರಯವನ್ನು ಹಿಂದೆಗೆಯಲಿಲ್ಲ. ಇಲ್ಲಿ ಗಮನಿಸಬೇಕಾದದ್ದು ಎರಡು. ಆಶ್ರಯ ಸಿಕ್ಕಿತೆಂದು ಜಅ್‌ಫರ್(ರ) ತಮ್ಮ ವಿಶ್ವಾಸವನ್ನು ಮರೆಮಾಚಲಿಲ್ಲ. ಹಾಗೆಯೇ ಆಶ್ರಯದಾತರ ವಿಶ್ವಾಸವನ್ನು ಹೀಯಾಳಿಸಲೂ ಇಲ್ಲ. ತನ್ನದನ್ನು ಹೇಳಿದರು, ಅತ್ಯುತ್ತಮ ರೀತಿಯಲ್ಲಿ ಹೇಳಿದರು.

ನಜ್ರಾನಿನ ಕ್ರೈಸ್ತ ನಿಯೋಗ ಮದೀನಾಕ್ಕೆ ಬಂದಾಗ ಪ್ರವಾದಿ(ಸ) ಅವರನ್ನು ಮಸೀದಿಯಲ್ಲೇ ಬರಮಾಡಿಕೊಂಡರೆಂದೂ, ಪ್ರಾರ್ಥನೆಯ ಸಮಯವಾದಾಗ ಅವರು ಅಲ್ಲೇ ಪೂರ್ವಕ್ಕೆ ಮುಖಮಾಡಿ ಪ್ರಾರ್ಥಿಸಿದರೆಂದೂ ಇಬ್ನು ಇಸ್‌ಹಾಕ್ ದಾಖಲಿಸಿದ್ದಾರೆ. ಚರ್ಚೆಯಲ್ಲಿ ಒಮ್ಮತವಾಗಲಿಲ್ಲ. ಅವರು ರಕ್ಷಣೆಯ ಒಪ್ಪಂದದೊಂದಿಗೆ ಮರಳಿದರು. ಜೆರುಸಲೇಮಿನಲ್ಲಿ ಹ. ಉಮರ್(ರ) ಪುನರುತ್ಥಾನದ ಚರ್ಚಿನೊಳಗೆ ನಮಾಝ್ ಮಾಡಲು ಒಪ್ಪದೆ ಹೊರಗಿನ ಮೆಟ್ಟಿಲ ಬಳಿ ಮಾಡಿದರೆಂದು ಹತ್ತನೆಯ ಶತಮಾನದ ಕ್ರೈಸ್ತ ಪೀಠಾಧಿಪತಿ ಯುಟಿಕಿಯಸ್ ಬರೆದಿಟ್ಟಿದ್ದಾರೆ. ತಾನು ಒಳಗೆ ನಮಾಝ್ ಮಾಡಿದರೆ ಮುಂದೆ ಮುಸ್ಲಿಮರು ಅದೇ ನೆಪದಿಂದ ಆ ಚರ್ಚನ್ನು ಕಸಿದಾರು ಎಂಬುದು ಅವರು ಕೊಟ್ಟ ಕಾರಣ. ಒಲ್ಲೆನೆಂದದ್ದರಲ್ಲೂ ಇನ್ನೊಬ್ಬರ ಹಕ್ಕಿನ ಕಾಳಜಿ ಇತ್ತು.

ಕರೆಯ ಹಿಂದೆ ಆಸೆಯಿದೆಯೇ?

'ಅವರ ಸ್ವಾಗತವೆಲ್ಲ ಮತಕ್ಕೆ ಸೆಳೆಯುವ ಉಪಾಯ' ಎಂದು ನನ್ನ ಸ್ನೇಹಿತರೊಬ್ಬರು ಎಚ್ಚರಿಸಿದರು. ಈ ಮಾತನ್ನೂ ನಾನು ಟೀಚರಮ್ಮನಲ್ಲಿ ಮುಚ್ಚಿಡದೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಸತ್ಯವೆಂದು ನಂಬಿದ್ದು ನಿಮಗೂ ಸಿಗಲಿ ಎಂಬ ಆಸೆ ನಮಗೆ ಇದ್ದೇ ಇದೆ. ನಿಮಗಿಲ್ಲವಾ?" ಎಂದರು. ಇದೆ. ಇಲ್ಲವೆಂದರೆ ಸುಳ್ಳಾಗುತ್ತದೆ. ತಾನು ನಂಬಿದ ಸತ್ಯವನ್ನು ಇನ್ನೊಬ್ಬರಿಗೆ ಬಯಸುವುದು ದೋಷವಲ್ಲ. ಹಸಿದವನ ಹಸಿವನ್ನು, ರೋಗಿಯ ಸಂಕಟವನ್ನು ಅದಕ್ಕೆ ಗಾಳವಾಗಿಸುವುದು ದೋಷ. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂಬ ಆಜ್ಞೆ (2:256) ಕೈಯ ಬಲಾತ್ಕಾರಕ್ಕೆ ಮಾತ್ರವಲ್ಲ, ಉಪಕಾರದ ಬಲಾತ್ಕಾರಕ್ಕೂ ಅನ್ವಯಿಸುತ್ತದೆ. ಅಂದು ನಮಗೆ ಕೊಟ್ಟ ಬೆಂಚಿಗೆ, ಚಹಾಕ್ಕೆ ಅವರು ಯಾವ ಬೆಲೆಯನ್ನೂ ಕೇಳಲಿಲ್ಲ.

ಗೇಟಿನ ಹೊರಗೆ ನಿಂತವರು

ಈಗ ನಾನು ಬರೆಯಲು ಹಿಂಜರಿಯುತ್ತಿದ್ದ ವಿಷಯಕ್ಕೆ ಬರುತ್ತೇನೆ. 12 ವರ್ಷಗಳ ಹಿಂದೆ, ಆಟಿ ತಿಂಗಳ ಮಳೆಯಲ್ಲಿ, ನನ್ನ ತಂದೆ ತೀರಿಕೊಂಡರು. ಮಾಸ್ಟ್ರು ಅವರ ಅಂಗಡಿಯ ಗಿರಾಕಿ ಮಾತ್ರವಲ್ಲ, 30 ವರ್ಷಗಳ ಸ್ನೇಹಿತ. ಸಂಜೆ ಅಂಗಡಿಯ ಮುಂದಿನ ಮರದ ಪೆಟ್ಟಿಗೆಯ ಮೇಲೆ ಕುಳಿತು ಇಬ್ಬರೂ ಪತ್ರಿಕೆ ಓದುತ್ತಿದ್ದರು. ಜನಾಝಾ ಮಸೀದಿಗೆ ಬಂದಾಗ ಮಾಸ್ಟ್ರು ಕೊಡೆ ಹಿಡಿದು ಹಿಂದೆಯೇ ಬಂದಿದ್ದರು. ಗೇಟಿನವರೆಗೆ ಬಂದು ನಿಂತರು. ನಾವು ಒಳಗೆ ಹೋದೆವು. ನಮಾಝ್ ಮುಗಿದು ಹೊರಬರುವಾಗಲೂ ಅವರು ಅಲ್ಲೇ ಇದ್ದರು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ನಾನು ನೋಡಿದೆ. ನೋಡಿ ಮುಂದೆ ಹೋದೆ.

ಮೊನ್ನೆ ಟೀಚರಮ್ಮ ಮಾತಿನ ನಡುವೆ, ಆಕ್ಷೇಪವೇನೂ ಇಲ್ಲದೆ ಹೇಳಿದರು: "ಒಳಗೆ ಬರಬಹುದೋ ಬಾರದೋ ಇವರಿಗೆ ಗೊತ್ತಾಗಲಿಲ್ಲ. ಕೇಳಿದರೆ ನಿಮಗೆ ಕಷ್ಟವಾದೀತು ಅಂತ ಕೇಳಲೂ ಇಲ್ಲ."

ನಮ್ಮ ಮಸೀದಿಯ ಜಗಲಿಯಲ್ಲಿ ಒಬ್ಬರಿಗೆ ನಿಲ್ಲಲು ಸ್ಥಳವಿರಲಿಲ್ಲವೇ? ಧಾರಾಳವಿತ್ತು. ಶರೀಅತ್ ತಡೆದಿತ್ತೇ? ನಜ್ರಾನಿನವರನ್ನು ತಡೆಯದ ಶರೀಅತ್ ಮಾಸ್ಟ್ರನ್ನು ತಡೆಯುತ್ತಿತ್ತೇ? 'ಬನ್ನಿ ಮಾಸ್ಟ್ರೇ, ಇಲ್ಲಿ ನಿಲ್ಲಿ' ಎಂದು ಹೇಳುವ ಒಂದು ಬಾಯಿ ಇರಲಿಲ್ಲ. ಆ ಬಾಯಿ ನನ್ನದಾಗಬೇಕಿತ್ತು. ತಟ್ಟೆಗೆ ಅಂಟಿದ ಬೆಲ್ಲದ ತುಣುಕಿಗೂ ಲೆಕ್ಕವಿಟ್ಟವರ ಮಗ, ತಂದೆಯ ಜನಾಝಾದ ದಿನವೇ ತಂದೆಯ ಸ್ನೇಹಿತನಿಗೆ ಅಳತೆಯಲ್ಲಿ ಕಡಿಮೆ ಮಾಡಿದೆ.

ಮಗಳಿಗೆ ಕೊಟ್ಟ ಉತ್ತರ

ಮಗಳ ಮೊದಲ ಪ್ರಶ್ನೆಗೆ ಹೀಗೆ ಹೇಳಿದೆ: "ನಾನು ಹೇಳಿದ್ದು ಸರಿಯಲ್ಲ ಮಗಳೇ. ಅವರು ಒಬ್ಬನೇ ದೇವರೆನ್ನುತ್ತಾರೆ. ಆ ಒಬ್ಬನನ್ನು ಅವರು ವಿವರಿಸುವ ರೀತಿಯನ್ನು ನಾವು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂಬುದನ್ನು ಕಲಿತುಕೋ. ಆದರೆ ಅವರು ಹೇಳದ್ದನ್ನು ಅವರ ಬಾಯಿಗೆ ಹಾಕಬೇಡ."

ಎರಡನೆಯದಕ್ಕೆ ಉತ್ತರ ಸುಲಭವಾಗಿತ್ತು. ನಿಮಗೆ ಯಾರಾದರೂ ಶುಭ ಹಾರೈಸಿದರೆ ಅದಕ್ಕಿಂತ ಉತ್ತಮವಾದುದರಿಂದ, ಇಲ್ಲವೇ ಅಷ್ಟನ್ನಾದರೂ ಮರಳಿ ಹಾರೈಸಿ ಎಂದು ಕುರ್‌ಆನ್ ಕಲಿಸಿದೆ (4:86). ಅಂದು ಆ ಅಜ್ಜಿ ಕೊಟ್ಟದ್ದು ಸಮಾಧಾನದ ಹಾರೈಕೆ. ನಮ್ಮ ಬಾಯಿಗೆ ದಿನಕ್ಕೆ ಹತ್ತು ಸಲ ಬರುವ ಹಾರೈಕೆಯೂ ಅದೇ. ಅಷ್ಟನ್ನು ಮರಳಿಸಲು ನಮ್ಮಲ್ಲಿ ಇಲ್ಲದ್ದೇನೂ ಇರಲಿಲ್ಲ. ಮರುವಾರ ಮಗಳು ಟೀಚರಮ್ಮನೊಂದಿಗೆ ಹೋಗಿ ಆ ಅಜ್ಜಿಯನ್ನು ಅವರ ಮನೆಯಲ್ಲೇ ಕಂಡು ಬಂದಳು.

ನಾನು ಮಾಸ್ಟ್ರ ಬಳಿ ಹೋದೆ. ಕ್ಷಮೆ ಕೇಳಿದೆ. ಅವರಿಗೆ ಆ ಮಳೆ ಸರಿಯಾಗಿ ನೆನಪಿರಲಿಲ್ಲ, ಅಥವಾ ನೆನಪಿಲ್ಲವೆಂದು ಹೇಳಿದರು. ಜನಾಝಾದ ದಿನ ಬರುವ ಇತರ ಧರ್ಮದವರಿಗಾಗಿ ಜಗಲಿಯಲ್ಲಿ ಎರಡು ಬೆಂಚುಗಳನ್ನು ಹಾಕಿ, ಅವರನ್ನು ಕರೆದು ಕುಳ್ಳಿರಿಸಲು ಒಬ್ಬರನ್ನು ನೇಮಿಸಬೇಕೆಂದು ನಮ್ಮ ಜಮಾಅತ್ ಕಮಿಟಿಯಲ್ಲಿ ಸೂಚಿಸಿದ್ದೇನೆ. ಒಬ್ಬಿಬ್ಬರು ಆಕ್ಷೇಪಿಸಿದ್ದಾರೆ, ಇನ್ನೂ ತೀರ್ಮಾನವಾಗಿಲ್ಲ.

ಓದುಗ ಸಹೋದರ ಸಹೋದರಿಯರೇ, ನಿಮ್ಮ ಮಸೀದಿಯ ಗೇಟಿನ ಹೊರಗೂ ಯಾರಾದರೂ ಕೊಡೆ ಹಿಡಿದು ನಿಂತಿರಬಹುದು. ಒಮ್ಮೆ ತಿರುಗಿ ನೋಡಿ. ನಮ್ಮೆಲ್ಲರ ಕರ್ಮಗಳನ್ನು ತೂಗುವ ದಿನವೊಂದಿದೆ. ಅಂದು ಕಡಿಮೆಯಾದದ್ದನ್ನು ತುಂಬಿಕೊಡಲು ಯಾರಿಗೂ ಅವಕಾಶವಿರದು.